ಯಾರ ಹೊಲಸು, ಯಾರ ಬಾಯಿ?

ಹೊಲಸಿನ ಬಗ್ಗೆ ಬರೆಯುವುದು ಸಭ್ಯರ ಕೆಲಸವಲ್ಲ ಅಂತಾರೆ. ಇರಬಹುದು. ಹೊಲಸನ್ನು ಎತ್ತುವುದು, ಹೊರುವುದು, ಬಳಿಯುವುದು ಕೂಡ ಈ ನಾಡಿನಲ್ಲಿ ಸಭ್ಯರ ಕೆಲಸ ಆಗಿರಲಿಲ್ಲ. ಎತ್ತಿದವರಿಗೆ ಅಕ್ಷರ ಸಿಗಲಿಲ್ಲ. ಅಕ್ಷರ ಸಿಕ್ಕವರು ಮೂಗು ಮುಚ್ಚಿಕೊಂಡು ದೂರ ನಿಂತರು. ಹಾಗಾಗಿ ಮನುಷ್ಯರ ಮತ್ತು ಪ್ರಾಣಿಗಳ ಮೈಯಿಂದ ಹೊರಬೀಳುವ ಮಲ, ಮೂತ್ರ, ಎಂಜಲು, ಕೂದಲು, ಉಗುರು ಇವೆಲ್ಲ ಅನ್ನಕ್ಕೆ, ಔಷಧಿಗೆ, ಹಬ್ಬಹರಿದಿನಗಳಿಗೆ ಹೇಗೆ ಬಂದವು ಎನ್ನುವ ಕತೆಯನ್ನು ಬರೆದವರು ಬಹುಪಾಲು ಹೊರಗೆ ನಿಂತು ನೋಡಿದವರೇ. ಅಂಥ ಬರವಣಿಗೆಯನ್ನೇ ನಾವಿಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇವೆ.

ಈ ವಿಷಯಕ್ಕೆ ಒಂದು ದೊಡ್ಡ ಗ್ರಂಥವೇ ಇದೆ. ಅಮೆರಿಕದ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದ ಜಾನ್ ಗ್ರೆಗರಿ ಬರ್ಕ್ ಎಂಬಾತ 1891ರಲ್ಲಿ ಪ್ರಕಟಿಸಿದ ‘ಸ್ಕ್ಯಾಟಲಾಜಿಕ್ ರೈಟ್ಸ್ ಆಫ್ ಆಲ್ ನೇಷನ್ಸ್’. ಎಲ್ಲ ದೇಶಗಳ ಜನ ಮಲಮೂತ್ರಗಳನ್ನು ಆಹಾರದಲ್ಲಿ, ಮದ್ದಿನಲ್ಲಿ, ಮಾಟದಲ್ಲಿ, ಪೂಜೆಯಲ್ಲಿ ಬಳಸಿದ ವಿವರಗಳ ದೊಡ್ಡ ಪಟ್ಟಿ ಅದು. ಪುಸ್ತಕದ ಮೇಲೆಯೇ ‘ಸಾಮಾನ್ಯ ಓದಿಗಲ್ಲ’ ಎಂಬ ಎಚ್ಚರಿಕೆ ಅಚ್ಚಾಗಿತ್ತು. ಅಂದ್ರೆ ಪಂಡಿತರು ಓದಬಹುದು, ಪಾಮರರು ಓದಬಾರದು. 1913ರಲ್ಲಿ ಅದರ ಜರ್ಮನ್ ಅನುವಾದಕ್ಕೆ ಮುನ್ನುಡಿ ಬರೆದವನು ಸಿಗ್ಮಂಡ್ ಫ್ರಾಯ್ಡ್. ಇಷ್ಟು ದೊಡ್ಡವರು ಕೈಯಿಟ್ಟ ಪುಸ್ತಕವನ್ನು ಜಟಿಂಗ ರಾಮೇಶ್ವರದ ಬೆಟ್ಟದ ಬುಡದಿಂದ, ಚಳ್ಳಕೆರೆ–ಮೊಳಕಾಲ್ಮೂರಿನ ಬಯಲಿನಿಂದ ಓದಿದರೆ ಏನು ಕಾಣುತ್ತದೆ? ನಮ್ಮ ಪ್ರಶ್ನೆ ಇದು.

ಮೊದಲು ಬರ್ಕ್ ಎಲ್ಲಿಂದ ಶುರು ಮಾಡಿದ ಅಂತ ನೋಡೋಣ. 1881ರ ನವೆಂಬರಿನಲ್ಲಿ ಅವನು ನ್ಯೂ ಮೆಕ್ಸಿಕೋದ ಝೂನಿ ಜನರ ಊರಿನಲ್ಲಿದ್ದ. ಅಲ್ಲಿ ನೆವೆಕ್ವೆ ಎಂಬ ವಿದೂಷಕರ ಪಂಗಡದವರು ಅವನ ಮುಂದೆ ಕುಣಿದರು, ಕುಣಿಯುತ್ತಾ ಮೂತ್ರ ಕುಡಿದರು. ಬರ್ಕನಿಗೆ ಹೊಟ್ಟೆ ತೊಳಸಿತು. ಅಲ್ಲಿಂದ ಶುರುವಾದ ಹುಡುಕಾಟ ಹತ್ತು ವರ್ಷ ನಡೆದು ಗ್ರಂಥವಾಯಿತು. ಆದರೆ ಅದೇ ಕುಣಿತದಲ್ಲಿ ಆ ವಿದೂಷಕರು ಇನ್ನೊಂದು ಕೆಲಸವನ್ನೂ ಮಾಡಿದ್ದರು. ಮೆಕ್ಸಿಕನ್ ಕ್ಯಾಥೊಲಿಕರು ಮಂಡಿಯೂರಿ ಪ್ರಾರ್ಥನೆ ಮಾಡುವುದನ್ನು ಅಣಕಿಸಿ ತೋರಿಸಿದ್ದರು. ಬರ್ಕನೇ ಅದನ್ನು ಬರೆದಿದ್ದಾನೆ. ತಮ್ಮ ಮೇಲೆ ಹೇರಿದ ಧರ್ಮವನ್ನು, ತಮ್ಮನ್ನು ನೋಡಲು ಬಂದ ಬಿಳಿಯನ ಎದುರಿಗೇ ಲೇವಡಿ ಮಾಡುತ್ತಿದ್ದ ಜನ ಅವರು. ಬರ್ಕನ ಪುಸ್ತಕದಲ್ಲಿ ದೊಡ್ಡದಾಗಿ ಬೆಳೆದದ್ದು ಮೂತ್ರದ ವಿಷಯ ಮಾತ್ರ. ಅಣಕದ ವಿಷಯ ಅಲ್ಲೇ ಬಿದ್ದುಹೋಯಿತು. ಈತ ಅಪಾಚೆ ಮತ್ತು ಸೂ ಜನರ ಮೇಲಿನ ದಂಡಯಾತ್ರೆಗಳಲ್ಲಿ ಜನರಲ್ ಕ್ರೂಕ್ ಜೊತೆ ಇದ್ದ ಸಿಪಾಯಿ ಎಂಬುದನ್ನು ಮರೆಯಬಾರದು. ಹಗಲು ಬಂದೂಕು, ರಾತ್ರಿ ಟಿಪ್ಪಣಿ ಪುಸ್ತಕ. ಸೋತವರ ನೆಲ ಸರ್ಕಾರದ ಪಾಲು, ಅವರ ಆಚರಣೆ ಪಂಡಿತರ ಪಾಲು.

ಬರ್ಕನ ಪುಸ್ತಕದಲ್ಲಿ ನಮ್ಮ ದೇಶವೂ ಇದೆ. ಸಗಣಿ ಗಂಜಲಗಳ ವಿಚಾರಕ್ಕೆ ಅವನು ನೆಚ್ಚಿಕೊಂಡದ್ದು ಅಬ್ಬೆ ದುಬಾಯನನ್ನು. ಈ ಫ್ರೆಂಚ್ ಪಾದ್ರಿ 1799ರ ನಂತರ ಮೈಸೂರು ಸೀಮೆಯಲ್ಲಿ, ಶ್ರೀರಂಗಪಟ್ಟಣದ ಕಡೆ ವಾಸವಾಗಿದ್ದವನು. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮುಖಾಂತರ ಅವನ ಹಸ್ತಪ್ರತಿ ಕಂಪನಿ ಸರ್ಕಾರದ ಕೈಸೇರಿ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಬಹಳಷ್ಟು ಭಾಗ ಅವನಿಗಿಂತ ಮುಂಚೆ ಇದ್ದ ಕ್ಯೂರ್ದೂ ಎಂಬ ಇನ್ನೊಬ್ಬ ಪಾದ್ರಿಯ ಬರಹದಿಂದ ಎತ್ತಿದ್ದು ಅಂತ ನಂತರದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ದುಬಾಯ್ ಹೆಚ್ಚಾಗಿ ಬರೆದದ್ದು ಬ್ರಾಹ್ಮಣರ ಆಚಾರದ ಬಗ್ಗೆ. ಬರ್ಕ್ ಅದನ್ನು ‘ಹಿಂದೂಗಳ’ ಆಚಾರ ಅಂತ ಬರೆದುಕೊಂಡ. ಒಂದು ಜಾತಿಯ ಆಚಾರ ಸಮುದ್ರ ದಾಟುವ ಹೊತ್ತಿಗೆ ಇಡೀ ದೇಶದ ಆಚಾರವಾಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಇವತ್ತಿಗೂ ಈ ಕೆಲಸ ನಡೆದೇ ಇದೆ.

ಈಗ ನಮ್ಮ ನೆಲಕ್ಕೆ ಬರೋಣ.

ಚಳ್ಳಕೆರೆ, ಮೊಳಕಾಲ್ಮೂರು ಅಂದರೆ ಮಳೆ ಕಡಿಮೆ, ಕಲ್ಲು ಜಾಸ್ತಿ. ಮ್ಯಾಸಬೇಡರು, ಕಾಡುಗೊಲ್ಲರು, ಹೊಲೆಮಾದಿಗರು ದನಕುರಿಗಳ ಜೊತೆ ಬಾಳಿದ ಸೀಮೆ. ಇಲ್ಲಿ ದೇವರ ಎತ್ತುಗಳಿವೆ, ಅವನ್ನು ಕಾಯುವ ಕಿಲಾರಿಗಳಿದ್ದಾರೆ. ಇಲ್ಲಿ ಸಗಣಿ ಹೊಲಸೂ ಅಲ್ಲ, ತೀರ್ಥವೂ ಅಲ್ಲ. ನೆಲ ಸಾರಿಸಲು ಬೇಕು, ಬೆರಣಿ ತಟ್ಟಲು ಬೇಕು, ತಿಪ್ಪೆಗೆ ಬೇಕು, ಕಣಕ್ಕೆ ಬೇಕು. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿಕೊಂಡು, ರಾತ್ರಿಯೆಲ್ಲ ಬೀಳುವ ಹಿಕ್ಕೆಗೆ ಕುರಿಗಾರನಿಗೆ ಕಾಳೋ ಕಾಸೋ ಕೊಡುವುದು ರೈತನಿಗೆ ಗೊತ್ತಿರುವ ಲೆಕ್ಕ. ಆ ಹಿಕ್ಕೆ ಮಣ್ಣಿಗೆ ಹೋಗಿ, ಮಣ್ಣಿನಿಂದ ರಾಗಿ ನವಣೆಗೆ ಹೋಗಿ, ಮುದ್ದೆಯಾಗಿ ತಟ್ಟೆಗೆ ಬರುತ್ತದೆ. ಆ ಅರ್ಥದಲ್ಲಿ ನಾವೆಲ್ಲರೂ, ಮಠದ ಸ್ವಾಮಿಗಳೂ ಸೇರಿ, ಹಿಕ್ಕೆ ಸಗಣಿ ಉಂಡೇ ಬದುಕಿರುವವರು. ಇದರಲ್ಲಿ ನಾಚಿಕೆ ಏನಿದೆ?

ಇದು ಇವತ್ತಿನ ಮಾತಲ್ಲ. ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯಲ್ಲಿ, ಸಂಗನಕಲ್ಲು–ಕುಪ್ಪಗಲ್ಲಿನ ಸುತ್ತ, ಶೋರಾಪುರ ಸೀಮೆಯ ಬೂದಿಹಾಳದಲ್ಲಿ ದೊಡ್ಡ ದೊಡ್ಡ ಬೂದಿದಿಬ್ಬಗಳಿವೆ. ಇವು ರಾಕ್ಷಸರ ಮೂಳೆಯ ಬೂದಿ ಅಂತ ಜನ ಕತೆ ಕಟ್ಟಿದರು. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅಂದರು. ಸಾಹೇಬರು ಜ್ವಾಲಾಮುಖಿಯೋ, ಲೋಹ ಕರಗಿಸಿದ ಕಿಟ್ಟವೋ ಅಂತ ತಲೆ ಕೆಡಿಸಿಕೊಂಡರು. 1957ರಲ್ಲಿ ಆಲ್ಚಿನ್ ಉಟ್ನೂರಿನ ದಿಬ್ಬ ಅಗೆದ. ಅದು ದನದ ದೊಡ್ಡಿಯಾಗಿತ್ತು, ಗೊರಸಿನ ಗುರುತುಗಳೂ ಸಿಕ್ಕವು. 1960ರಲ್ಲಿ ಜ್ಯೂನರ್ ಬಳ್ಳಾರಿ ಸೀಮೆಯ ಬೂದಿಯನ್ನು ಪರೀಕ್ಷಿಸಿ ಅದು ಸುಟ್ಟ ಸಗಣಿಯೇ ಅಂತ ತೋರಿಸಿದ. ಕ್ರಿಸ್ತಪೂರ್ವ 3000ದಿಂದ 1200ರವರೆಗಿನ ಅವಧಿಯಲ್ಲಿ ದನಗಾಹಿ ಜನ ತಲೆಮಾರುಗಳ ಕಾಲ ಸಗಣಿ ರಾಶಿ ಹಾಕಿ, ಮತ್ತೆ ಮತ್ತೆ ಬೆಂಕಿ ಇಟ್ಟು ಬೆಳೆಸಿದ ಗುಡ್ಡಗಳು ಇವು. ಜಟಿಂಗ ರಾಮೇಶ್ವರದ ಪಕ್ಕದ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಸಿಕ್ಕಿದ್ದೂ ಇಂಥದೇ ಕಾಲದ, ಕಲ್ಲಿನ ಕೊಡಲಿಯ ಜನರ ವಸತಿ. ವೇದ, ಸ್ಮೃತಿ, ಮಡಿ, ಮೈಲಿಗೆ ಯಾವುದೂ ಇಲ್ಲದ ಕಾಲದಲ್ಲಿ ನಮ್ಮ ಹಿರೀಕರು ಸಗಣಿಗೆ ತಮ್ಮದೇ ಅರ್ಥ ಕೊಟ್ಟಿದ್ದರು. ಸಗಣಿಯ ಮಹತ್ವವನ್ನು ಯಾವ ಶಾಸ್ತ್ರವೂ ಬಂದು ನಮಗೆ ಹೇಳಿಕೊಡಬೇಕಾಗಿರಲಿಲ್ಲ.

ಹಾಗಾದರೆ ತಕರಾರು ಎಲ್ಲಿ ಶುರುವಾಗುತ್ತದೆ? ವಸ್ತುವಿನಲ್ಲಿ ಅಲ್ಲ, ಅದನ್ನು ಯಾರ ಕೈಯಿಂದ ಯಾರ ಬಾಯಿಗೆ ಹಾಕುತ್ತಾರೆ ಎಂಬಲ್ಲಿ.

ಪಂಚಗವ್ಯವನ್ನೇ ತಗೊಳ್ಳಿ. ಹಾಲು, ಮೊಸರು, ತುಪ್ಪ, ಗಂಜಲ, ಸಗಣಿ. ಐದನ್ನೂ ಬೆರೆಸಿ ಕುಡಿದರೆ ಕೆಟ್ಟ ಮೈ ಶುದ್ಧವಾಗುತ್ತದಂತೆ. ಬದುಕಿರುವ ಹಸುವಿನ ಹಿಂಭಾಗದಿಂದ ಬಿದ್ದದ್ದು ಬಾಯಿಗೆ ಹೋದರೆ ಶುದ್ಧಿ. ಅದೇ ಹಸು ಸತ್ತ ಮೇಲೆ ಅದನ್ನು ಎಳೆದು, ಸುಲಿದು, ಚರ್ಮ ಹದ ಮಾಡಿ, ಊರಿಗೆ ಮೆಟ್ಟು ಮಿಣಿ ಬಾರುಕೋಲು ಮಾಡಿಕೊಟ್ಟವನು ಮಾತ್ರ ಏಳು ತಲೆಮಾರಿಗೂ ಅಶುದ್ಧ. ಹಸು ಒಂದೇ. ಶುದ್ಧಿಯಾದದ್ದು ಕೂತು ಕುಡಿದವನಿಗೆ, ಮೈಲಿಗೆಯಾದದ್ದು ಬೆನ್ನು ಬಗ್ಗಿಸಿ ದುಡಿದವನಿಗೆ. ಈ ಲೆಕ್ಕವನ್ನು ಬರ್ಕನೂ ಕೇಳಲಿಲ್ಲ, ದುಬಾಯನೂ ಕೇಳಲಿಲ್ಲ.

ಕೇಳಿದವರು ಬಾಬಾಸಾಹೇಬರು, ಕೇಳಿದ್ದು ಮಹಾಡದಲ್ಲಿ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಾವಿರಾರು ಅಸ್ಪೃಶ್ಯರು ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಅದು ಸಾರ್ವಜನಿಕ ಕೆರೆ, ದನಗಳೂ ಕುಡಿಯುತ್ತಿದ್ದ ಕೆರೆ. ಆಮೇಲೆ ಸವರ್ಣೀಯರು ಕೆರೆ ಕೆಟ್ಟಿತು ಅಂತ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿದ 108 ಗಡಿಗೆಗಳನ್ನು ನೀರಿಗೆ ಸುರಿದು ಮಂತ್ರ ಹೇಳಿ ಶುದ್ಧ ಮಾಡಿದರು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮೇಷ್ಟ್ರುಗಳು ಈ ಒಂದು ಉದಾಹರಣೆ ಇಟ್ಟುಕೊಂಡರೆ ಸಾಕು. ಮನುಷ್ಯ ಬೊಗಸೆಯಲ್ಲಿ ಎತ್ತಿ ಕುಡಿದರೆ ನೀರು ಕೆಡುತ್ತದೆ. ಅದಕ್ಕೆ ಸಗಣಿ ಗಂಜಲ ಸುರಿದರೆ ಶುದ್ಧವಾಗುತ್ತದೆ! ಬರ್ಕನ ಪಟ್ಟಿಯಲ್ಲಿರುವ ಯಾವ ವಿಚಿತ್ರವೂ ಇದರ ಮುಂದೆ ನಿಲ್ಲುವುದಿಲ್ಲ. ಅದೇ ವರ್ಷ ಡಿಸೆಂಬರ್ 25ರಂದು ಅದೇ ಮಹಾಡದಲ್ಲಿ ಮನುಸ್ಮೃತಿ ಸುಟ್ಟದ್ದು ಯಾಕೆ ಅಂತ ಇನ್ನು ವಿವರಿಸಬೇಕಾಗಿಲ್ಲ.

ಹೊರಗಿನ ಲೋಕದ ಉದಾಹರಣೆಗಳನ್ನೂ ಇದೇ ಕಣ್ಣಿನಿಂದ ನೋಡಿದರೆ ಪಟ್ಟಿ ತಾನಾಗಿಯೇ ಒಡೆದು ಬೇರೆ ಬೇರೆಯಾಗುತ್ತದೆ. ಅಮೆಜಾನ್ ಕಾಡಿನ ಕೆಲವು ಬುಡಕಟ್ಟುಗಳ ಹೆಂಗಸರು ಮರಗೆಣಸನ್ನು ಅಗಿದು ಗಡಿಗೆಗೆ ಉಗುಳಿ, ಅದು ಹುಳಿತು ಬಂದ ಮೇಲೆ ಪಾನೀಯ ಮಾಡುತ್ತಾರೆ. ಎಂಜಲಿನಲ್ಲಿರುವ ರಸ ಪಿಷ್ಟವನ್ನು ಸಕ್ಕರೆ ಮಾಡುತ್ತದೆ, ಸಕ್ಕರೆ ಹುದುಗುತ್ತದೆ. ಊರಿನವರೆಲ್ಲ ಅದನ್ನೇ ಕುಡಿಯುತ್ತಾರೆ, ನೆಂಟರಿಗೂ ಅದೇ ಮರ್ಯಾದೆ. ಚೀನಾದ ಡೊಂಗ್ಯಾಂಗ್ ಊರಿನಲ್ಲಿ ವಸಂತ ಕಾಲಕ್ಕೆ ಸಣ್ಣ ಹುಡುಗರ ಉಚ್ಚೆಯಲ್ಲಿ ಕೋಳಿಮೊಟ್ಟೆ ಬೇಯಿಸಿ ಬೀದಿಯಲ್ಲಿ ಮಾರುತ್ತಾರೆ. ದುಡ್ಡು ಕೊಟ್ಟು ತಿನ್ನುವವರು ತಿನ್ನುತ್ತಾರೆ, ಬೇಡದವರು ಮುಂದೆ ಹೋಗುತ್ತಾರೆ. ಅಲ್ಲಿನ ಆಡಳಿತ 2008ರಲ್ಲಿ ಇದನ್ನು ತನ್ನ ಊರಿನ ಪರಂಪರೆಯ ಪಟ್ಟಿಗೂ ಸೇರಿಸಿತು. ನಮಗೆ ವಾಕರಿಕೆ ಬರಬಹುದು. ನಮ್ಮ ಹುಳಿಹಿಟ್ಟಿನ ಅಂಬಲಿ ಕಂಡು ಇನ್ಯಾರಿಗೋ ಬರಬಹುದು. ಇಲ್ಲಿ ಒಬ್ಬರನ್ನು ಕೀಳು ಮಾಡುವ ಉದ್ದೇಶ ಇಲ್ಲ. ರುಚಿ, ಅಭ್ಯಾಸ ಅಷ್ಟೆ.

ಆದರೆ ಇನ್ನೊಂದು ಬಗೆ ಇದೆ. ರಷ್ಯನ್ನರ ಕೈಯಲ್ಲಿ ಸೆರೆಸಿಕ್ಕು ಸೈಬೀರಿಯಾದಲ್ಲಿ ವರ್ಷಗಟ್ಟಲೆ ಕಳೆದ ಸ್ಟ್ರಾಲೆನ್‌ಬರ್ಗ್ ಎಂಬ ಸ್ವೀಡನ್ನಿನ ಅಧಿಕಾರಿ 1730ರಲ್ಲಿ ಬರೆದ ಪುಸ್ತಕದಲ್ಲಿ ಕೊರ್ಯಾಕ್ ಜನರ ಸಂಗತಿ ಬರುತ್ತದೆ. ಅಮಲೇರಿಸುವ ಅಣಬೆ ದುಬಾರಿ. ಶ್ರೀಮಂತರು ಕೂಡಿಟ್ಟುಕೊಂಡು ಬೇಯಿಸಿ ಕುಡಿಯುತ್ತಾರೆ. ಕೊಳ್ಳಲಾಗದ ಬಡವರು ಗುಡಿಸಲ ಸುತ್ತ ಕಾದುಕೂತು, ಶ್ರೀಮಂತ ಹೊರಗೆ ಬಂದು ಉಚ್ಚೆ ಹೊಯ್ಯುವಾಗ ಮರದ ಬಟ್ಟಲು ಹಿಡಿಯುತ್ತಾರೆ. ಅಣಬೆಯ ಅಮಲು ಮೂತ್ರದಲ್ಲೂ ಉಳಿದಿರುತ್ತದೆ. ಅದನ್ನು ಕುಡಿದು ಅವರೂ ಮತ್ತರಾಗುತ್ತಾರೆ. ಬರ್ಕನ ಗ್ರಂಥದಲ್ಲಿ ಇದೂ ಒಂದು ವಿಚಿತ್ರ, ಮೂತ್ರಪಾನದ ಒಂದು ನಮೂನೆ. ನಮ್ಮ ಕಣ್ಣಿಗೆ ಅದು ಬಡತನದ ವರದಿ.

ಲುವಾಕ್ ಕಾಫಿಯ ಕತೆ ಇದರ ಉಲ್ಟಾ. ಪುನುಗು ಬೆಕ್ಕು ಕಾಫಿ ಹಣ್ಣು ತಿಂದು ಹೊರಹಾಕಿದ ಬೀಜವನ್ನು ತೊಳೆದು ಹುರಿದು ಮಾಡುವ ಕಾಫಿ ಅದು. ಇಂಡೋನೇಷ್ಯಾದ ಡಚ್ಚರ ತೋಟಗಳಲ್ಲಿ ಕೂಲಿಗಳಿಗೆ ಗಿಡದ ಕಾಫಿ ಮುಟ್ಟುವ ಹಾಗಿರಲಿಲ್ಲ, ಅದಕ್ಕೇ ಅವರು ಪುನುಗಿನ ಹಿಕ್ಕೆ ಆರಿಸಿಕೊಂಡರು ಅಂತ ಹೇಳುತ್ತಾರೆ. ಇವತ್ತು ಅದು ಲೋಕದ ಅತಿ ದುಬಾರಿ ಕಾಫಿಗಳಲ್ಲಿ ಒಂದು. ನಮ್ಮ ಕೊಡಗಿನಲ್ಲೂ ತಯಾರಾಗುತ್ತಿದೆ. ಕೂಲಿ ಕುಡಿದಾಗ ಅದು ಗತಿಗೇಡು, ಸಾಹುಕಾರ ಕುಡಿದಾಗ ಅಭಿರುಚಿ.

ಈಗ ನಮ್ಮ ನಾಡಿನ ನಿಜವಾದ ಪ್ರಕರಣಕ್ಕೆ ಬರೋಣ. ಅದು ಅಜಲು.

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಸೀಮೆಯ ಕೊರಗರು ಬುಟ್ಟಿ ಹೆಣೆಯುವ, ಡೋಲು ಬಾರಿಸುವ, ಮೂಲದಿಂದ ಅಲ್ಲಿಯೇ ಇದ್ದ ಜನ. ಅವರ ಮೇಲೆ ಹೇರಿದ ಪದ್ಧತಿ ಅಜಲು. ಮನೆಯಲ್ಲಿ ರೋಗ, ದೋಷ, ಬಸುರಿಗೆ ಕಂಟಕ ಇದೆ ಅನ್ನಿಸಿದರೆ ಆ ಮನೆಯವರ ಕೂದಲು, ಉಗುರು ಮುಂತಾದ ತಿನ್ನಬಾರದ ವಸ್ತುಗಳನ್ನು ಅನ್ನದಲ್ಲಿ ಬೆರೆಸಿ ಕೊರಗರಿಗೆ ತಿನ್ನಿಸುವುದು. ಅವರು ತಿಂದರೆ ನಮ್ಮ ಕೆಡುಕು ಅವರ ಹೊಟ್ಟೆಗೆ ಹೋಯಿತು ಅಂತ ನಂಬಿಕೆ. ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳ ಹಾಗೆ ಓಡಿಸುವುದೂ, ಕೂಲಿ ಕೊಡದೆ ದುಡಿಸುವುದೂ ಇದರ ಭಾಗ. ಇದನ್ನು ನಾವು ಸಿಟ್ಟಿನಲ್ಲಿ ಹೇಳುತ್ತಿಲ್ಲ. 2000ದಲ್ಲಿ ಕರ್ನಾಟಕ ವಿಧಾನಮಂಡಲ ಮಾಡಿದ ಕೊರಗರ ಅಜಲು ಪದ್ಧತಿ ನಿಷೇಧ ಕಾಯಿದೆ ಅಜಲು ಎಂದರೇನು ಅಂತ ವಿವರಿಸುವುದೇ ಈ ಮೂರು ಸಂಗತಿಗಳಿಂದ. ಒಂದು ರಾಜ್ಯದ ಕಾನೂನು ಪುಸ್ತಕದಲ್ಲಿ ‘ಅನ್ನದಲ್ಲಿ ಕೂದಲು ಉಗುರು ಬೆರೆಸಿ ತಿನ್ನಿಸುವುದು’ ಅಂತ ಅಚ್ಚು ಹಾಕಬೇಕಾಗಿ ಬಂತು. ಇಪ್ಪತ್ತನೆಯ ಶತಮಾನ ಮುಗಿಯುವ ವರ್ಷ ಅದು.

ಇಲ್ಲಿ ಆಚರಣೆಯ ಒಳಗಿನ ಯಂತ್ರ ಚೆನ್ನಾಗಿ ಕಾಣುತ್ತದೆ. ಮೈಯ ಕಸವನ್ನು ಒಂದು ಮೈಯಿಂದ ತೆಗೆದು ಇನ್ನೊಂದು ಮೈಗೆ ಹಾಕುವುದು. ಊರಿನ ಕಕ್ಕಸನ್ನು ಒಂದು ಜಾತಿಯ ತಲೆಯ ಮೇಲೆ ಹೊರಿಸುವುದಕ್ಕೂ ಇದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಒಂದು ಕಡೆ ಕೊರಗನ ಹೊಟ್ಟೆಯೇ ಊರಿನ ಗುಂಡಿ. ಇನ್ನೊಂದು ಕಡೆ ಪೌರಕಾರ್ಮಿಕನ ಮೈಯೇ ಊರಿನ ಚರಂಡಿ. ಜಾತಿ ಅಂದರೆ ಹೊಲಸು ಹರಿಯುವ ದಿಕ್ಕು. ಮೇಲಿನಿಂದ ಕೆಳಕ್ಕೆ ಬಿಟ್ಟರೆ ಅದು ಎಂದೂ ಮೇಲಕ್ಕೆ ಹತ್ತುವುದಿಲ್ಲ.

1989ರ ಪರಿಶಿಷ್ಟ ಜಾತಿ ಪಂಗಡಗಳ ದೌರ್ಜನ್ಯ ತಡೆ ಕಾಯಿದೆಯನ್ನು ತೆರೆದು ನೋಡಿ. ಮೂರನೆಯ ಕಲಮಿನಲ್ಲಿ ದೌರ್ಜನ್ಯಗಳ ಪಟ್ಟಿ ಇದೆ. ಅದರಲ್ಲಿ ಮೊಟ್ಟಮೊದಲನೆಯದು ಯಾವುದು? ಕೊಲೆಯಲ್ಲ, ಬೆಂಕಿಯಲ್ಲ. ತಿನ್ನಬಾರದ, ಹೇಸಿಗೆಯ ವಸ್ತುವನ್ನು ಬಲವಂತವಾಗಿ ತಿನ್ನಿಸುವುದು ಅಥವಾ ಕುಡಿಸುವುದು. ಅಪರೂಪದ ಸಂಗತಿಗೆ ಯಾರೂ ಮೊದಲ ಸ್ಥಾನ ಕೊಡುವುದಿಲ್ಲ. 2002ರಲ್ಲಿ ತಮಿಳುನಾಡಿನ ತಿರುಚಿರಾಪಳ್ಳಿ ಜಿಲ್ಲೆಯ ತಿಣ್ಣಿಯಂನಲ್ಲಿ ಇಬ್ಬರು ದಲಿತರಿಗೆ ಮಲ ತಿನ್ನಿಸಿದರು. ಕಾಯಿದೆ ಬಂದು ಹದಿಮೂರು ವರ್ಷ ಆಗಿತ್ತು. 2015ರ ತಿದ್ದುಪಡಿಯಲ್ಲಿ ಮಲ ಬಳಿಯುವ ಕೆಲಸಕ್ಕೆ ಹಚ್ಚುವುದನ್ನೂ ಬೇರೆಯಾಗಿ ಬರೆದು ಸೇರಿಸಬೇಕಾಯಿತು. ಬರ್ಕನ ಐನೂರು ಪುಟಕ್ಕಿಂತ ಈ ಒಂದು ಪುಟ ನಮ್ಮ ಸಮಾಜದ ಬಗ್ಗೆ ಹೆಚ್ಚು ಹೇಳುತ್ತದೆ.

ಇಲ್ಲಿ ಒಂದು ಎದುರು ವಾದ ಬರುತ್ತದೆ. ‘ನಂಬಿಕೆ ಕಣ್ರೀ, ಅವರಾಗಿಯೇ ಮಾಡ್ತಾರೆ, ನಿಮಗೇನು ತೊಂದರೆ?’ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ದಿನಗಳಲ್ಲಿ ಬ್ರಾಹ್ಮಣರು ಉಂಡೆದ್ದ ಎಂಜಲೆಲೆಗಳ ಮೇಲೆ ಉರುಳುವ ಮಡೆಸ್ನಾನಕ್ಕೂ ಇದನ್ನೇ ಹೇಳಿದರು. ಚರ್ಮರೋಗ ವಾಸಿಯಾಗುತ್ತದೆ, ಹರಕೆ ತೀರುತ್ತದೆ, ಎಲ್ಲ ಜಾತಿಯವರೂ ಉರುಳುತ್ತಾರೆ ಅಂದರು. ಸರಿ, ಉರುಳುವವರಲ್ಲಿ ಎಲ್ಲ ಜಾತಿಯೂ ಇರಲಿ. ಉಣ್ಣುವವರಲ್ಲಿ ಯಾಕೆ ಒಂದೇ ಜಾತಿ? ಮಾದಿಗರು ಉಂಡ ಎಲೆಯ ಮೇಲೆ ಉರುಳಿದರೆ ಯಾಕೆ ಯಾವ ರೋಗವೂ ವಾಸಿಯಾಗುವುದಿಲ್ಲ? ಎಂಜಲಲ್ಲಿ ಔಷಧಿ ಇದ್ದರೆ ಅದು ಎಲ್ಲರ ಬಾಯಲ್ಲೂ ಇರಬೇಕಲ್ಲ? 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ತಡೆ ಕೊಟ್ಟಿತು. 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯಿದೆ ಅದನ್ನು ನಿಷೇಧಿಸಿದೆ. ‘ತಾನಾಗಿಯೇ’ ಎಂಬ ಮಾತಿಗೆ ಒಂದೇ ಒರೆಗಲ್ಲು: ಬೇಡ ಅಂದವನಿಗೆ ಏನಾಗುತ್ತದೆ? ಡೊಂಗ್ಯಾಂಗಿನಲ್ಲಿ ಮೊಟ್ಟೆ ಬೇಡ ಅಂದವನ ಮನೆಗೆ ಯಾರೂ ಕಲ್ಲು ಹೊಡೆಯುವುದಿಲ್ಲ. ಅಜಲು ಬೇಡ ಅಂದ ಕೊರಗನಿಗೆ ಕೂಲಿಯೂ ಇಲ್ಲ, ದಾರಿಯೂ ಇಲ್ಲ. ಇವತ್ತಿನ ವೈದ್ಯರು ಆರೋಗ್ಯವಂತರ ಮಲದ ಸೂಕ್ಷ್ಮಜೀವಿಗಳನ್ನು ಕರುಳಿನ ರೋಗಿಗೆ ಸೇರಿಸುವ ಚಿಕಿತ್ಸೆ ಮಾಡುತ್ತಾರೆ. ಅಮೆರಿಕದಲ್ಲಿ 2022ರಲ್ಲಿ ಅಂಥ ಔಷಧಿಗೆ ಒಪ್ಪಿಗೆಯೂ ಸಿಕ್ಕಿತು. ಅಲ್ಲಿ ಕೊಡುವವನನ್ನು ಪರೀಕ್ಷೆ ಮಾಡುತ್ತಾರೆ, ಪಡೆಯುವವನ ಒಪ್ಪಿಗೆ ಕೇಳುತ್ತಾರೆ, ಯಾವ ಜಾತಿಯ ಮಲ ಅಂತ ಕೇಳುವುದಿಲ್ಲ.

ಇಷ್ಟು ಹೇಳಿ ನಮ್ಮ ಸೀಮೆಯ ಜನಪದವನ್ನು ಹೊಗಳಿ ಕೂತರೆ ಅದು ಅರ್ಧ ವಿಮರ್ಶೆ. ಮ್ಯಾಸಬೇಡರು ಕೋಳಿ ತಿನ್ನರು, ಅವರಿಗೆ ಅವರದೇ ಕಟ್ಟಳೆ ಇದೆ, ವೈದಿಕರ ಮಡಿ ಬೇಕಿಲ್ಲ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು, ಎಳೆಗೂಸಿನ ಬಾಣಂತಿಯರು ಹಟ್ಟಿಯ ಆಚೆ, ಮಳೆಗಾಳಿಗೆ ದಿನ ಕಳೆದದ್ದು ಯಾವ ನ್ಯಾಯ? ಮೈಯಿಂದ ಬಿದ್ದ ರಕ್ತಕ್ಕೆ ಹೆದರಿ ಮೈಯನ್ನೇ ಹೊರಗೆ ಹಾಕುವುದು ಅದು. ದನದ ಸಗಣಿ ಮನೆಯೊಳಗೆ ಬರಬಹುದು, ಹೆತ್ತ ತಾಯಿ ಬರಬಾರದು. ಜನಪದ ಸಂಗ್ರಾಹಕರು ಇದನ್ನು ‘ವಿಶಿಷ್ಟ ಸಂಪ್ರದಾಯ’ ಅಂತ ಬರೆದುಕೊಂಡು ಪದವಿ ಪಡೆದರು. ಒಬ್ಬ ಬಾಣಂತಿಯನ್ನಾದರೂ ‘ಅವ್ವಾ, ನಿಂಗೆ ಚಳಿ ಆಗ್ಲಿಲ್ವಾ’ ಅಂತ ಕೇಳಿ ಅದನ್ನು ಗ್ರಂಥದಲ್ಲಿ ಬರೆದವರು ಎಷ್ಟು ಮಂದಿ? ದಲಿತರ ಕೇರಿಗೆ ಬಂದರೂ ಇದೇ ಪ್ರಶ್ನೆ ಕೇಳಬೇಕು. ಮೇಲಿನವರ ಮೈಲಿಗೆಯನ್ನು ಬಯ್ಯುವ ಗಂಡಸು ಮನೆಯ ಹೆಂಗಸಿನ ಮೈಲಿಗೆಯನ್ನು ಕಾಯುತ್ತಾ ಕೂತರೆ ನಮ್ಮ ಬಂಡಾಯ ಹೊಸ್ತಿಲ ಹೊರಗೇ ನಿಂತುಬಿಡುತ್ತದೆ.

ಇನ್ನು ಸಾಹಿತ್ಯ. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದಾಗ ನಾಡು ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳಿಗೆ ಹೊಡೆತ ಬಿತ್ತು. ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಅದೇ ಬಸವಲಿಂಗಪ್ಪನವರು ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟವರು. ಒಂದು ಮಾತಿಗೆ ಬೀದಿಗಿಳಿದ ಸಾಹಿತ್ಯಾಭಿಮಾನಿಗಳು ತಲೆಯ ಮೇಲಿನ ಬುಟ್ಟಿಗಾಗಿ ಯಾವತ್ತಾದರೂ ಬೀದಿಗಿಳಿದಿದ್ದರೇ? ಬೂಸಾ ಅನ್ನುವ ಪದದಿಂದ ಗಾಯವಾಗುತ್ತದೆ, ಬುಟ್ಟಿಯಿಂದ ಸೋರುವ ಮಲದಿಂದ ಆಗುವುದಿಲ್ಲ ಅನ್ನುವ ಅಭಿರುಚಿಯನ್ನೇ ನಮ್ಮ ವಿಮರ್ಶೆ ಬಹಳ ಕಾಲ ‘ರಸಜ್ಞತೆ’ ಅಂತ ಕರೆಯಿತು. ದಲಿತ ಬರಹದಲ್ಲಿ ಹೊಲಸು ಮಾತು ಜಾಸ್ತಿ ಅಂತ ದೂರುವವರು ಆ ಹೊಲಸನ್ನು ಆ ಬದುಕಿಗೆ ತಂದು ಸುರಿದವರು ಯಾರು ಅಂತ ಕೇಳಿಕೊಳ್ಳಬೇಕು.

ಹಿಂದಿಯ ಓಂಪ್ರಕಾಶ್ ವಾಲ್ಮೀಕಿ 1997ರಲ್ಲಿ ಪ್ರಕಟಿಸಿದ ಆತ್ಮಕತೆಯ ಹೆಸರೇ ‘ಜೂಠನ್’, ಅಂದ್ರೆ ಎಂಜಲು. ಮದುವೆ ಮನೆಯ ಎಂಜಲೆಲೆಗಳನ್ನು ಬುಟ್ಟಿಗೆ ತುಂಬಿಕೊಂಡು, ಅದರ ಪೂರಿ ಚೂರುಗಳನ್ನು ಒಣಗಿಸಿ ಮಳೆಗಾಲಕ್ಕೆ ಇಟ್ಟುಕೊಳ್ಳುತ್ತಿದ್ದ ಮನೆಯ ಕತೆ. ಒಂದು ಮದುವೆಯಲ್ಲಿ ಅವನ ತಾಯಿ ಮಕ್ಕಳಿಗೆ ಎಂಜಲಲ್ಲದ ಊಟ ಕೇಳುತ್ತಾಳೆ. ಯಜಮಾನ ಹೀನಾಯ ಮಾಡುತ್ತಾನೆ. ಆಕೆ ಬುಟ್ಟಿಯ ಎಂಜಲನ್ನು ಅಲ್ಲಿಯೇ ಚೆಲ್ಲಿ ಬರುತ್ತಾಳೆ, ಮತ್ತೆಂದೂ ಆ ಬಾಗಿಲಿಗೆ ಹೋಗುವುದಿಲ್ಲ. ಎಂಜಲಿನ ಆಚರಣೆಯ ಬಗ್ಗೆ ಬಂದ ಎಲ್ಲ ಸಂಶೋಧನೆಗಳಲ್ಲಿ ಇಲ್ಲದ ಸತ್ಯ ಆ ತಾಯಿಯ ಕೈಯಲ್ಲಿದೆ. ತಿನ್ನುವವರು ಯೋಚನೆ ಮಾಡುತ್ತಾರೆ, ಲೆಕ್ಕ ಹಾಕುತ್ತಾರೆ, ಒಂದು ದಿನ ಚೆಲ್ಲುತ್ತಾರೆ. ಬರ್ಕನ ಪುಸ್ತಕದ ಜನ ಮಾತ್ರ ಪುಟದಿಂದ ಪುಟಕ್ಕೆ ತಿನ್ನುತ್ತಲೇ ಇರುತ್ತಾರೆ, ಯಾರೊಬ್ಬರೂ ಬಾಯಿ ತೆರೆದು ಮಾತಾಡುವುದಿಲ್ಲ.

ನಮ್ಮ ನಾಡಿನಲ್ಲೂ ಮಾತಾಡಿದರು. 2010ರ ಜುಲೈ 20ರಂದು ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ನೆಲೆಯಿಂದ ಒಕ್ಕಲೆಬ್ಬಿಸುವುದನ್ನು ಪ್ರತಿಭಟಿಸಿ ಪುರಸಭೆಯ ಎದುರಿಗೆ ಮೈಮೇಲೆ ಮಲ ಸುರಿದುಕೊಂಡರು. ಇಡೀ ಊರಿನ ಮಲ ತಲೆಮಾರುಗಳಿಂದ ಅವರ ತಲೆಯ ಮೇಲಿತ್ತು; ಅದು ಯಾರಿಗೂ ಕಂಡಿರಲಿಲ್ಲ. ಅವರೇ ಮೈಗೆ ಹಚ್ಚಿಕೊಂಡ ದಿನ ರಾಜ್ಯಕ್ಕೆ ರಾಜ್ಯವೇ ಬೆಚ್ಚಿತು. ಮಂತ್ರಿಗಳು ಓಡಿ ಬಂದರು, ಪತ್ರಿಕೆಗಳು ಬರೆದವು. ಮಲ ಹೊರುವುದನ್ನು ನಿಷೇಧಿಸುವ ಕೇಂದ್ರ ಕಾಯಿದೆ ಬಂದದ್ದು 1993ರಲ್ಲಿ. ಮತ್ತೆ ಹೊಸ ಕಾಯಿದೆ 2013ರಲ್ಲಿ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂದಿತು. ನಿಷೇಧವಾದ ಕೆಲಸದಲ್ಲಿ ಸತ್ತವರಿಗೆ ಪರಿಹಾರ ಏರಿಸಬೇಕಾಗಿ ಬಂದರೆ ಆ ನಿಷೇಧದ ಬೆಲೆ ಏನು ಅಂತ ಓದುಗರೇ ಹೇಳಲಿ.

ಜಟಿಂಗ ರಾಮೇಶ್ವರಕ್ಕೆ ಜನ ಹೋಗುವುದು ಜಟಾಯು ಬಿದ್ದ ಜಾಗ ಅಂತ. ಆದರೆ ಅದೇ ಬೆಟ್ಟದ ಬಳೆಗಾರ ಗುಂಡಿನ ಮೇಲೆ ಅಶೋಕನ ಬ್ರಾಹ್ಮೀ ಅಕ್ಷರಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಮೂರು ಕಡೆಯೂ ಇವನ್ನು ಗುರುತಿಸಿದ. ಇಲ್ಲಿಯದು ಬಹಳ ಸವೆದಿದೆ. ಪಕ್ಕದ ಬ್ರಹ್ಮಗಿರಿಯ ಪಾಠದ ಸಾರಾಂಶ ಇಷ್ಟು: ಒಳ್ಳೆಯ ಗತಿ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ, ತಂದೆತಾಯಿ ಗುರುಗಳ ಮಾತು ಕೇಳಿ, ಜೀವಗಳ ಮೇಲೆ ದಯೆ ಇಡಿ, ಸತ್ಯ ಹೇಳಿ. ಪೂರ್ವಕ್ಕೆ ಹೋದರೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅವನ ದೊಡ್ಡ ಶಾಸನಗಳಿವೆ. ಅವುಗಳಲ್ಲಿ ಒಂಬತ್ತನೆಯದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಕಾಯಿಲೆ, ಮದುವೆ, ಹೆರಿಗೆ, ಪ್ರಯಾಣ ಅಂತ ಜನ ಬಗೆಬಗೆಯ ಮಂಗಳಕಾರ್ಯ ಮಾಡುತ್ತಾರೆ, ಅವುಗಳ ಫಲ ಅಲ್ಪ. ದಾಸರನ್ನು ಆಳುಕಾಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದೇ ನಿಜವಾದ ಮಂಗಳ ಅನ್ನುತ್ತದೆ ಅದು. ಅಶೋಕ ಚಕ್ರವರ್ತಿ, ಕಳಿಂಗದಲ್ಲಿ ಲಕ್ಷ ಜನರನ್ನು ಕೊಂದವನು; ಅವನನ್ನು ನಾವು ದೇವರು ಮಾಡಬೇಕಿಲ್ಲ. ಆದರೆ ಕಾಯಿಲೆಗೆ, ಬಸುರಿಗೆ ಅಂತ ಆಳುಮಗನ ಬಾಯಿಗೆ ಉಗುರು ಕೂದಲಿನ ಅನ್ನ ತುರುಕುವ ಆಚರಣೆಯನ್ನು ‘ಅನಾದಿ ಪರಂಪರೆ’ ಅನ್ನುವವರಿಗೆ, ಆಚರಣೆಯನ್ನು ಪ್ರಶ್ನಿಸುವ ಪರಂಪರೆಯೂ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು ಅಂತ ಈ ಕಲ್ಲುಗಳನ್ನು ತೋರಿಸಬಹುದು.

ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮದೊಂದು ಮನವಿ. ನೀವು ಜನಪದ ಸಂಗ್ರಹಕ್ಕೆ ಹಟ್ಟಿಗೋ ಕೇರಿಗೋ ಹೋದಾಗ, ಯಾವುದಾದರೂ ವಿಚಿತ್ರ ಆಚರಣೆ ಕಂಡಾಗ, ಬರೆದುಕೊಳ್ಳುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಇದನ್ನು ಮಾಡಿಸುವವರು ಯಾರು? ಮಾಡುವವರು ಯಾರು? ಒಂದು ವರ್ಷ ಇದು ಅದಲುಬದಲಾಗಿ, ಮಾಡಿಸುವವರೇ ಮಾಡಬಹುದೇ? ಬೇಡ ಅಂದವರಿಗೆ ಏನಾಯಿತು? ಈ ನಾಲ್ಕಕ್ಕೂ ಉತ್ತರ ಬರೆದುಕೊಂಡ ಮೇಲೆ ಹಾಡು ಬರೆದುಕೊಳ್ಳಿ, ಕತೆ ಬರೆದುಕೊಳ್ಳಿ, ಫೋಟೋ ತೆಗೆಯಿರಿ. ಉತ್ತರ ಕೊಟ್ಟವರ ಮಾತನ್ನು ಅವರ ಭಾಷೆಯಲ್ಲೇ ಇಡಿ. ಸಗಣಿ ಬಳಿಯುವ ಕೈಯೇ ಅದರ ಬಗ್ಗೆ ಬರೆಯುವ ದಿನ ಬರುವವರೆಗೂ ಬರ್ಕನ ಗ್ರಂಥಕ್ಕೆ ಕನ್ನಡದಲ್ಲಿ ಹೊಸ ಹೊಸ ಆವೃತ್ತಿಗಳು ಬರುತ್ತಲೇ ಇರುತ್ತವೆ.